ಉಗುರನ್ನು ಬಿಡದ ಬಣ್ಣ

ಉಗುರಿಗೆ ಬಣ್ಣ ಕಟ್ಟುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಗೋರಂಟಿಯ ಎಲೆಯನ್ನು ಅರೆದು ರಾತ್ರಿಯೆಲ್ಲ ಬೆರಳ ತುದಿಗೆ ಮೆತ್ತಿಕೊಂಡರೆ ಬೆಳಗಾಗುವುದರೊಳಗೆ ಉಗುರು ಕೆಂಪೇರುತ್ತದೆ. ಆ ಕೆಂಪು ಉಗುರಿನ ಮೇಲೆ ಕುಳಿತ ಪೊರೆಯಲ್ಲ, ಉಗುರಿನ ದ್ರವ್ಯದೊಡನೆಯೇ ಬೆರೆತ ವರ್ಣ. ಅದನ್ನು ತೆಗೆಯುವ ಯೋಚನೆಯನ್ನು ಯಾರೂ ಮಾಡುವುದಿಲ್ಲ. ಉಗುರು ಬೆಳೆದಂತೆಲ್ಲ ಅದು ಮುಂದೆ ಸರಿದು, ಕತ್ತರಿಗೆ ಸಿಕ್ಕಿ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ 'ಜೆಲ್' ಬಣ್ಣದ ಸಂಗತಿ ಬೇರೆ. ಇದು ಪೊರೆಯೇ ಸರಿ. ಆದರೆ ಎರಡು ಮೂರು ವಾರಗಳವರೆಗೆ ಹೊಳಪು ಮಾಸದೆ ನಿಲ್ಲುವ ಪೊರೆ. ಹಚ್ಚಿಸಿಕೊಂಡ ದಿನ ಮೆಚ್ಚುಗೆಯಾದ ಈ ಗುಣವೇ ತೆಗೆಯುವ ದಿನ ತೊಡಕಾಗುತ್ತದೆ. ಬಣ್ಣ ತೆಗೆಯುವ ದ್ರವದಲ್ಲಿ ಹತ್ತಿಯನ್ನು ಅದ್ದಿ ಎಷ್ಟು ತಿಕ್ಕಿದರೂ ಅದು ಜಗ್ಗುವುದಿಲ್ಲ. ತಾಳ್ಮೆಗೆಟ್ಟು ಬ್ಲೇಡಿನ ಅಂಚಿನಿಂದಲೋ ಹಲ್ಲಿನಿಂದಲೋ ಎಬ್ಬಿಸಿದರೆ ಬಣ್ಣದ ಜೊತೆಗೆ ಉಗುರಿನ ಪದರವೂ ಕಿತ್ತು ಬರುತ್ತದೆ. ಹೀಗಾಗುವುದೇಕೆ? ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಓದುತ್ತಿರುವವರಿಗೆ ಇದಕ್ಕೆ ಉತ್ತರ ಪಠ್ಯಪುಸ್ತಕದಲ್ಲಿಯೇ ಇದೆ. ಅದನ್ನು ಬೆರಳ ತುದಿಗೆ ತಂದುಕೊಳ್ಳಬೇಕು, ಅಷ್ಟೆ.

ಮೊದಲು ಸಾಧಾರಣ ಉಗುರುಬಣ್ಣವನ್ನು ನೋಡೋಣ. ಅದರಲ್ಲಿ ಮುಖ್ಯವಾದ ವಸ್ತು ನೈಟ್ರೊಸೆಲ್ಯುಲೋಸ್. ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಮೊದಲಾದ ದ್ರಾವಕಗಳಲ್ಲಿ ಅದನ್ನು ಕರಗಿಸಿರುತ್ತಾರೆ. ಹಚ್ಚಿದೊಡನೆ ದ್ರಾವಕ ಆವಿಯಾಗಿ ಹೋಗಿ, ನೈಟ್ರೊಸೆಲ್ಯುಲೋಸಿನ ಉದ್ದುದ್ದನೆಯ ಅಣುಗಳು ಬುಟ್ಟಿಯಲ್ಲಿ ಹರವಿದ ದಾರದ ಎಳೆಗಳಂತೆ ಒಂದರ ಮೇಲೊಂದು ಬಿದ್ದುಕೊಳ್ಳುತ್ತವೆ. ಎಳೆಗೂ ಎಳೆಗೂ ಗಂಟಿಲ್ಲ. ಆದುದರಿಂದ ಮತ್ತೆ ದ್ರಾವಕವನ್ನು ಸೋಕಿಸಿದರೆ ಎಳೆಗಳು ಬಿಡಿಬಿಡಿಯಾಗಿ ಅದರಲ್ಲಿ ತೇಲಿಹೋಗುತ್ತವೆ. ಬಂದ ದಾರಿಯಲ್ಲಿಯೇ ಹಿಂತಿರುಗಿ ಹೋಗುವ ಬಣ್ಣ ಇದು.

ಜೆಲ್ ಒಣಗುವುದೇ ಇಲ್ಲ. ಸೀಸೆಯೊಳಗೆ ಇರುವುದು ಆಕ್ರಿಲೇಟ್, ಮೆಥಾಕ್ರಿಲೇಟ್ ಎಂಬ ವರ್ಗಕ್ಕೆ ಸೇರಿದ ಸಣ್ಣ ಅಣುಗಳು ಮತ್ತು ಅವುಗಳ ಗಿಡ್ಡ ಸರಪಣಿಗಳು. ಅವುಗಳೊಡನೆ, ಬೆಳಕನ್ನು ಹೀರಿ ಒಡೆಯುವ ಇನ್ನೊಂದು ವಸ್ತು ಅಲ್ಪಾಂಶದಲ್ಲಿ ಸೇರಿರುತ್ತದೆ. ಬಣ್ಣ ಹಚ್ಚಿದ ಬೆರಳನ್ನು ದೀಪದ ಕೆಳಗೆ ಇಡುತ್ತಾರಷ್ಟೆ. ಆ ದೀಪದ ಬೆಳಕು ೩೬೫ರಿಂದ ೪೦೫ ನ್ಯಾನೊಮೀಟರ್ ಅಲೆಯುದ್ದದ್ದು, ಅತಿನೇರಿಳೆಗೂ ನೇರಿಳೆಗೂ ನಡುವಣದು. ಅದರ ಒಂದೊಂದು ಫೋಟಾನಿನ ಶಕ್ತಿ ಮೂರು ಎಲೆಕ್ಟ್ರಾನ್ ವೋಲ್ಟಿಗೂ ಮಿಗಿಲು. ಕೆಂಪು ಬೆಳಕಿನ ಫೋಟಾನಿಗೆ ಇದರಲ್ಲಿ ಸುಮಾರು ಮೂರನೆಯ ಎರಡು ಪಾಲು ಮಾತ್ರ ಶಕ್ತಿ. ಎಷ್ಟು ಹೊತ್ತು ಕೆಂಪು ದೀಪದ ಕೆಳಗೆ ಬೆರಳನ್ನು ಹಿಡಿದಿದ್ದರೂ ಜೆಲ್ ಜೆಲ್ಲಾಗಿಯೇ ಉಳಿಯುತ್ತದೆ. ನೇರಿಳೆಯ ಫೋಟಾನು ತಾಗಿದೊಡನೆ ಪ್ರಚೋದಕದ ಅಣು ಒಡೆದು, ಅದರ ತುಣುಕುಗಳು ಸುತ್ತಲಿನ ಆಕ್ರಿಲೇಟ್ ಅಣುಗಳನ್ನು ಒಂದಕ್ಕೊಂದು ಪೋಣಿಸತೊಡಗುತ್ತವೆ. ಪೋಣಿಸುವುದಷ್ಟೇ ಅಲ್ಲ, ಪಕ್ಕದ ಸರಪಣಿಗೂ ಅಡ್ಡಬೆಸುಗೆ ಹಾಕುತ್ತವೆ. ಒಂದೆರಡು ನಿಮಿಷದೊಳಗೆ ಉಗುರಿನ ಮೇಲಿನ ದ್ರವ ಒಂದು ಬಲೆಯಾಗುತ್ತದೆ. ದಂತವೈದ್ಯರು ಹುಳುಕು ಹಲ್ಲಿಗೆ ಬಿಳಿಯ ಲೇಪವನ್ನು ತುಂಬಿ ನೀಲಿ ದೀಪ ಹಿಡಿಯುವುದನ್ನು ಕೆಲವರಾದರೂ ನೋಡಿರಬಹುದು. ಅಲ್ಲಿ ನಡೆಯುವುದೂ ಇದೇ ಜಾತಿಯ ಕ್ರಿಯೆ.

ಈಗ ಪ್ರಶ್ನೆಯ ಮರ್ಮ ತಿಳಿಯುತ್ತದೆ. ಕರಗುವುದೆಂದರೆ ಅಣುಗಳು ಒಂದನ್ನೊಂದು ಬಿಟ್ಟು ದ್ರಾವಕದಲ್ಲಿ ಹಂಚಿಹೋಗುವುದು. ಅಡ್ಡಬೆಸುಗೆ ಬಿದ್ದ ಬಲೆಯಲ್ಲಿ ಬಿಟ್ಟುಹೋಗಲು ಬಿಡಿ ಅಣುಗಳೆಲ್ಲಿ? ಇಡೀ ಪೊರೆಯನ್ನೇ ಒಂದು ಮಹಾ ಅಣುವೆಂದರೂ ಸಲ್ಲುತ್ತದೆ. ಬೆಲ್ಲವನ್ನು ನೀರಿಗೆ ಹಾಕಿದರೆ ಕರಗುತ್ತದೆ. ಕಡಲೆಯನ್ನು ಹಾಕಿದರೆ ನೆನೆದು ಉಬ್ಬುತ್ತದೆ. ಸಾಧಾರಣ ಬಣ್ಣ ಬೆಲ್ಲದ ಹಾಗೆ, ಜೆಲ್ ಕಡಲೆಯ ಹಾಗೆ. ಇದನ್ನು ಕಣ್ಣಾರೆ ಕಾಣಬೇಕೆನ್ನುವವರು ಒಂದು ರಬ್ಬರ್ ಬ್ಯಾಂಡನ್ನು ಸೀಮೆಎಣ್ಣೆಯಲ್ಲಿ ಒಂದು ದಿನ ಬಿಟ್ಟು ನೋಡಬಹುದು. ಅದು ಕರಗುವುದಿಲ್ಲ, ಉದ್ದ, ದಪ್ಪ ಎರಡರಲ್ಲಿಯೂ ಉಬ್ಬಿ, ಬಲಗುಂದಿ, ಎಳೆದರೆ ಸುಲಭವಾಗಿ ಹರಿಯುತ್ತದೆ. ರಬ್ಬರಿನಲ್ಲಿ ಅಡ್ಡಬೆಸುಗೆ ಹಾಕಿರುವುದು ಗಂಧಕ.

ಜೆಲ್ ತೆಗೆಯಲು ಬಳಸುವ ಅಸಿಟೋನ್ ಮಾಡುವುದೂ ಇಷ್ಟೆ. ಅದರ ಅಣು ಚಿಕ್ಕದು, ಅಣುತೂಕ ೫೮. ಬಲೆಯ ಕಣ್ಣುಗಳಲ್ಲಿ ಅದು ನುಸುಳಿ ಸೇರಿಕೊಂಡಾಗ ಪೊರೆ ಉಬ್ಬುತ್ತದೆ. ಕೆಳಗಿನ ಉಗುರು ಹಾಗೆ ಉಬ್ಬುವುದಿಲ್ಲ. ಒಂದಕ್ಕೊಂದು ಅಂಟಿರುವ ಎರಡು ಪದರಗಳಲ್ಲಿ ಮೇಲಿನದು ಹಿಗ್ಗಿ ಕೆಳಗಿನದು ಹಿಗ್ಗದಿದ್ದರೆ, ಅವು ಕೂಡುವ ಮೇರೆಯಲ್ಲಿ ಒತ್ತಡ ಹುಟ್ಟುತ್ತದೆ. ತಳದ ಅಂಟನ್ನೂ ಅಸಿಟೋನ್ ಸಡಿಲಿಸಿರುವುದರಿಂದ ಪೊರೆ ಸುಕ್ಕುಗಟ್ಟಿ ಚಕ್ಕೆಚಕ್ಕೆಯಾಗಿ ಏಳುತ್ತದೆ. ತೇವ ಹತ್ತಿದ ಗೋಡೆಯಿಂದ ಬಣ್ಣ ಏಳುವಂತೆ. ಬಣ್ಣ ಕರಗಿಹೋಗುವುದಿಲ್ಲ, ಹಿಡಿತ ಬಿಟ್ಟು ಏಳುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಬಣ್ಣ ಬಿಡದಿದ್ದಾಗ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಹೊಳೆಯುತ್ತದೆ: ಅಸಿಟೋನ್ ಒಳಗೆ ಹೋಗುತ್ತಿದೆಯೆ? ಹೋಗದಿದ್ದರೆ ತಡೆಯುತ್ತಿರುವುದು ಯಾವುದು?

ಮೊದಲನೆಯ ತಡೆ, ದ್ರವವೇ ಬೇರೆಯಾಗಿರುವುದು. 'ಅಸಿಟೋನ್ ರಹಿತ' ಎಂದು ಚೀಟಿ ಅಂಟಿಸಿದ ದ್ರವಗಳಲ್ಲಿ ಬಹುಮಟ್ಟಿಗೆ ಈಥೈಲ್ ಅಸಿಟೇಟಿನಂಥ ದ್ರಾವಕ ಇರುತ್ತದೆ. ಸಾಧಾರಣ ಬಣ್ಣಕ್ಕೆ ಅದು ಸಾಕು. ಜೆಲ್ಲಿನ ಬಲೆಯನ್ನು ಅದು ಉಬ್ಬಿಸುವುದು ಬಹಳ ನಿಧಾನ. ಅಸಿಟೋನ್ ಎಂದೇ ಮಾರುವ ದ್ರವಗಳಲ್ಲಿಯೂ ನೀರು, ಎಣ್ಣೆ, ಸುಗಂಧಗಳನ್ನು ಬೆರೆಸಿ ಮೆದು ಮಾಡಿರುವುದುಂಟು. ಇನ್ನು ಬಿಸಿನೀರು, ಸೋಪು, ಉಪ್ಪುಗಳಲ್ಲಿ ಕೈಯಿಟ್ಟು ಕೂರುವ ಮನೆಮದ್ದು ಪೂರಾ ತಲೆಕೆಳಗು. ನೀರು ಪೊರೆಯೊಳಗೆ ಅಷ್ಟಾಗಿ ಹೋಗದು, ಉಗುರಿನೊಳಗೆ ಹೋಗುತ್ತದೆ. ಮೆತ್ತಗಾಗಬೇಕಾದದ್ದು ಗಟ್ಟಿಯಾಗಿಯೇ ಇದ್ದು, ಗಟ್ಟಿಯಾಗಿರಬೇಕಾದದ್ದು ಮೆತ್ತಗಾಗುತ್ತದೆ. ಆಮೇಲೆ ಕೆರೆದರೆ ಸೋಲುವುದು ಉಗುರು.

ಎರಡನೆಯದು ದಪ್ಪ. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಪದಾರ್ಥದೊಳಗೆ ಇನ್ನೊಂದರ ಅಣುಗಳು ದಿಕ್ಕುತಪ್ಪಿ ಅಲೆಯುತ್ತ ಹರಡುವುದಕ್ಕೆ ವಿಸರಣವೆಂದು ಹೆಸರು. ನೇರ ನಡೆಯುವವನು ಎರಡರಷ್ಟು ದೂರವನ್ನು ಎರಡರಷ್ಟು ಕಾಲದಲ್ಲಿ ಮುಗಿಸುತ್ತಾನೆ. ಗೊತ್ತುಗುರಿಯಿಲ್ಲದೆ ಹೆಜ್ಜೆ ಹಾಕುವ ಅಣು ಹಾಗಲ್ಲ. ಸರಳವಾದ ವಿಸರಣದಲ್ಲಿ ಕಾಲವು ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ತೆಳುವಾದ ಪೊರೆಗೆ ೫ ನಿಮಿಷ ಸಾಕೆಂದಿಟ್ಟುಕೊಂಡರೆ ಅದರ ಇಮ್ಮಡಿ ದಪ್ಪದ್ದಕ್ಕೆ ೨೦ ನಿಮಿಷ, ಮುಮ್ಮಡಿ ದಪ್ಪದ್ದಕ್ಕೆ ೪೫ ನಿಮಿಷ. ಉಬ್ಬುತ್ತಿರುವ ಪೊರೆಗೆ ಈ ಲೆಕ್ಕ ಕೂದಲೆಳೆಯಷ್ಟು ನಿಖರವಾಗಿ ಒಪ್ಪದು, ನಿಜ. ಆದರೂ ಹಳೆಯ ಜೆಲ್ಲಿನ ಮೇಲೆಯೇ ಹೊಸದನ್ನು ಹಚ್ಚಿಸಿಕೊಂಡವರ ಬೆರಳು ಅರ್ಧ ಗಂಟೆಯಾದರೂ ಬಿಡುಗಡೆ ಹೊಂದದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ ಉಪಾಯವೂ ಸಿಗುತ್ತದೆ: ಮೃದುವಾದ ಅರದಿಂದ ಉಜ್ಜಿ ಪೊರೆಯ ಅರ್ಧವನ್ನು ಕಳೆದರೆ, ಕಾಯುವ ಕಾಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಅದರಲ್ಲಿಯೂ ಮೇಲಿನ ಹೊಳಪಿನ ಲೇಪದಲ್ಲಿ ಬೆಸುಗೆಗಳು ಹೆಚ್ಚು ಒತ್ತಾಗಿರುತ್ತವೆ. ಹೊಳಪು ಹೋಗಿ ಮೈಯೆಲ್ಲ ಮಸುಕಾಗುವ ತನಕ ಉಜ್ಜದೆ ಅಸಿಟೋನ್ ಹಾಕುವುದು, ಮುಚ್ಚಿದ ಬಾಗಿಲಿಗೆ ನೀರೆರಚಿದಂತೆ. ಬಣ್ಣ ಇನ್ನೂ ಕಾಣುತ್ತಿರುವಾಗಲೇ ಉಜ್ಜುವುದನ್ನು ನಿಲ್ಲಿಸಬೇಕು. ಅರಕ್ಕೆ ಉಗುರು ತಾಗಬಾರದು.

ಮಿನುಗುವ ಚೂರುಗಳಿರುವ ಬಣ್ಣ ಮತ್ತಷ್ಟು ಹಟಮಾರಿ. ಆ ಚೂರುಗಳು ಅಸಿಟೋನನ್ನು ಸುಲಭವಾಗಿ ಬಿಡದ ಪುಟ್ಟ ತಗಡುಗಳು. ಚಾವಣಿಯ ಹಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಅಣು ಪ್ರತಿಯೊಂದನ್ನೂ ಬಳಸಿಕೊಂಡು ಇಳಿಯಬೇಕಾದುದರಿಂದ ದಾರಿ ಉದ್ದವಾಗುತ್ತದೆ. ದಾರಿ ಉದ್ದವಾದರೆ ಕಾಲದ ಗತಿಯೇನೆಂಬುದನ್ನು ಈಗಷ್ಟೆ ನೋಡಿದೆವು.

ಮೂರನೆಯ ತಡೆ ಕಣ್ಣಿಗೆ ಕಾಣದ್ದು: ಅಸಿಟೋನ್ ಉಗುರಿನ ಮೇಲೆ ನಿಲ್ಲದೆ ಹಾರಿಹೋಗುವುದು. ಅದರ ಕುದಿಬಿಂದು ೫೬ ಡಿಗ್ರಿ ಸೆಂಟಿಗ್ರೇಡ್. ೨೫ ಡಿಗ್ರಿಯಲ್ಲಿ ಅದರ ಆವಿಯ ಒತ್ತಡ ನೀರಿನದಕ್ಕಿಂತ ಸುಮಾರು ಹತ್ತು ಪಟ್ಟು. ಫ್ಯಾನಿನ ಕೆಳಗೆ ಕುಳಿತು ಹತ್ತಿಯಿಂದ ಒರೆಸುತ್ತಿದ್ದರೆ ಹೆಚ್ಚು ಪಾಲು ಗಾಳಿಗೇ ಸಲ್ಲುತ್ತದೆ. ಅದೂ ಸಾಲದೆ, ಆವಿಯಾಗುವಾಗ ಗುಪ್ತೋಷ್ಣವನ್ನು ಬೆರಳಿನಿಂದಲೇ ಕಸಿದುಕೊಂಡು ಉಗುರನ್ನು ತಣ್ಣಗಾಗಿಸುತ್ತದೆ. ತಣ್ಣಗಾದ ಪೊರೆಯಲ್ಲಿ ವಿಸರಣ ಇನ್ನೂ ನಿಧಾನ. ಅಸಿಟೋನಿನಲ್ಲಿ ತೊಯ್ದ ಹತ್ತಿಯನ್ನು ಉಗುರಿನ ಮೇಲಿಟ್ಟು ಅಲ್ಯುಮಿನಿಯಂ ಹಾಳೆಯಿಂದ ಬೆರಳನ್ನು ಬಿಗಿಯಾಗಿ ಸುತ್ತುವ ಕ್ರಮ ಹುಟ್ಟಿದ್ದು ಇದಕ್ಕಾಗಿ. ಹಾಳೆ ಆವಿಯನ್ನು ಹೊರಬಿಡದು, ಬೆರಳಿನ ಶಾಖವನ್ನೂ ಉಳಿಸಿಕೊಳ್ಳುತ್ತದೆ. ಸುತ್ತಿದ ಮೇಲೆ ಕೈಯನ್ನು ಬೆಚ್ಚಗಿನ ಒಣ ಟವೆಲಿನಲ್ಲಿ ಹುದುಗಿಸಿದರೆ ಇನ್ನೂ ಒಳ್ಳೆಯದು. 'ಉಗುರುಬೆಚ್ಚಗೆ' ಎಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ; ಅದಕ್ಕಿಂತ ಹೆಚ್ಚಿನ ಬಿಸಿ ಬೇಡ. ೧೦ರಿಂದ ೧೫ ನಿಮಿಷ ಬಿಟ್ಟು, ಒಂದೊಂದೇ ಬೆರಳಿನ ಹಾಳೆಯನ್ನು ಬಿಚ್ಚಿ ನೋಡಬೇಕು. ಹತ್ತನ್ನೂ ಒಮ್ಮೆಗೇ ಬಿಚ್ಚಿದರೆ ಒಂಬತ್ತು ಬೆರಳುಗಳಲ್ಲಿ ಅಸಿಟೋನ್ ಹಾರಿ, ಉಬ್ಬಿದ ಪೊರೆ ಮತ್ತೆ ಗಟ್ಟಿಯಾಗುತ್ತದೆ. ಎದ್ದಿರುವ ಚಕ್ಕೆಯನ್ನು ಮರದ ಕಡ್ಡಿಯಿಂದ ನಯವಾಗಿ ತಳ್ಳಬೇಕು. ತಳ್ಳಿದರೆ ಹೋಗದ್ದಕ್ಕೆ ಮತ್ತೆ ಹತ್ತಿ, ಮತ್ತೆ ಹಾಳೆ, ಮತ್ತೆ ಐದು ನಿಮಿಷ.

ಇಷ್ಟೆಲ್ಲ ಮಾಡಿದರೂ, ಅರ್ಧ ಗಂಟೆಯ ಮೇಲೆ ಪೊರೆಯ ಮೈಯಲ್ಲಿ ಒಂದು ಸುಕ್ಕೂ ಕಾಣದಿದ್ದರೆ ಅದು ಬೇರೆ ಜಾತಿಯದೆಂದು ತಿಳಿಯಬೇಕು. ಉಗುರನ್ನು ಉದ್ದ ಮಾಡಲು ಬಳಸುವ 'ಗಟ್ಟಿ ಜೆಲ್' ಎಂಬುದರಲ್ಲಿ ಬಲೆಯ ಕಣ್ಣು ಎಷ್ಟು ಇಕ್ಕಟ್ಟೆಂದರೆ ಅಸಿಟೋನಿಗೂ ಪ್ರವೇಶವಿಲ್ಲ. ಅದನ್ನು ನೆನೆಸಿ ತೆಗೆಯಲಾಗದು. ಅರದಿಂದ ತೆಳುವಾಗಿಸಿ, ಉಳಿದ ಪೊರೆಯನ್ನು ಉಗುರಿನೊಡನೆ ಬೆಳೆದುಹೋಗಲು ಬಿಡಬೇಕು. ಈ ಕೆಲಸ ಕೈ ಪಳಗಿದವರದು. ಹಚ್ಚಿಸಿಕೊಳ್ಳುವಾಗಲೇ ಯಾವ ಜಾತಿಯೆಂದು ಕೇಳಿಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಅವಸರದಿಂದ ಕಿತ್ತರೆ ಏನಾಗುತ್ತದೆಂಬುದನ್ನು ಈಗ ನೋಡಬಹುದು. ಉಗುರು ಕೆರಟಿನ್ ತುಂಬಿದ ನಿರ್ಜೀವ ಕೋಶಗಳ ಹಾಳೆ. ದಪ್ಪ ಸುಮಾರು ಅರ್ಧ ಮಿಲಿಮೀಟರು. ಕೋಶಗಳು ಹಂಚುಗಳಂತೆ ಪದರಪದರವಾಗಿ ಅಂಟಿಕೊಂಡಿವೆ. ಜೆಲ್ ಪೊರೆ ಮೇಲಿನ ಪದರವನ್ನು ಹಿಡಿದಿರುವ ಬಲ, ಆ ಪದರ ತನ್ನ ಕೆಳಗಿನದನ್ನು ಹಿಡಿದಿರುವ ಬಲಕ್ಕಿಂತ ಹೆಚ್ಚಾಗಿರುವ ಕಡೆಯಲ್ಲೆಲ್ಲ ಬಿರುಕು ಉಗುರಿನೊಳಗೇ ಓಡುತ್ತದೆ. ಕಿತ್ತ ಮೇಲೆ ಉಳಿಯುವ ಬಿಳಿಯ ಒರಟು ಮಚ್ಚೆ ಬಣ್ಣದ ಶೇಷವಲ್ಲ, ಉಗುರಿನ ಗಾಯ. ಚರ್ಮದ ಗಾಯದಂತೆ ಅದು ಮಾಯುವುದಿಲ್ಲ, ಏಕೆಂದರೆ ಮಾಯಿಸಲು ಅಲ್ಲಿ ಜೀವಕೋಶಗಳಿಲ್ಲ. ಕೈಬೆರಳ ಉಗುರು ತಿಂಗಳಿಗೆ ಸುಮಾರು ೩ ಮಿಲಿಮೀಟರು ಬೆಳೆಯುತ್ತದೆ. ಬುಡದಲ್ಲಾದ ಗಾಯ ತುದಿಗೆ ಬಂದು ಕತ್ತರಿಸಿಹೋಗಲು ಆರು ತಿಂಗಳಾದರೂ ಬೇಕು. ಹದಿನೈದು ನಿಮಿಷ ಉಳಿಸಿದ್ದಕ್ಕೆ ಇದು ದುಬಾರಿ ಬೆಲೆ. ಅವಸರಕ್ಕೆ ಕೆಲವೊಮ್ಮೆ ನ್ಯಾಯವಾದ ಕಾರಣವೂ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಉಗುರುಬಣ್ಣ ತೆಗೆಯಲು ಹೇಳುವುದುಂಟು; ಬೆರಳಿನ ಮೂಲಕ ಕೆಂಪು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಉಪಕರಣಕ್ಕೆ ಗಾಢ ಬಣ್ಣ ಅಡ್ಡಿಯಾಗಬಹುದು. ಬಣ್ಣ ಬಿಡದಿದ್ದರೆ ಅದನ್ನು ದಾದಿಯರಿಗೆ ತಿಳಿಸುವುದೇ ಲೇಸು. ಕಿವಿಯ ಹಾಲೆಗೆ ಸಿಕ್ಕಿಸುವ ಉಪಕರಣವೂ ಉಂಟು.

ಉಗುರಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ದೀಪದ ಬೆಳಕು ಗಾಢವಾದ, ದಪ್ಪನೆಯ ಬಣ್ಣದ ತಳದವರೆಗೆ ಇಳಿಯದಿದ್ದರೆ ಅಲ್ಲಿ ಬಲೆಯಾಗದ ಬಿಡಿ ಅಣುಗಳು ಉಳಿಯುತ್ತವೆ. ಅರೆಬೆಂದ ಇಂಥ ಜೆಲ್ ತೆಗೆಯುವಾಗ ಚಕ್ಕೆಯಾಗದೆ ಗೋಂದಿನಂತೆ ಚರ್ಮಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ಉಜ್ಜಿದಾಗ ಏಳುವ ಧೂಳಿನಲ್ಲಿಯೂ ಆ ಅಣುಗಳು ಇರುತ್ತವೆ. ಅವು ಪದೇ ಪದೇ ಚರ್ಮಕ್ಕೆ ಸೋಕಿದರೆ ಕೆಲವರಲ್ಲಿ ಒಗ್ಗದಿಕೆ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಒಗ್ಗದಿಕೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯುತ್ತದೆ. ಹಲ್ಲಿಗೆ ತುಂಬುವ ಲೇಪವೂ ಕೃತಕ ಮಂಡಿಯನ್ನು ಕೂರಿಸುವ ಮೂಳೆಗಾರೆಯೂ ಇದೇ ಮೆಥಾಕ್ರಿಲೇಟ್ ಕುಲದವಾದುದರಿಂದ, ಹದಿನೆಂಟರಲ್ಲಿ ಹಚ್ಚಿಸಿಕೊಂಡ ಬಣ್ಣ ಅರವತ್ತರಲ್ಲಿ ವೈದ್ಯರಿಗೆ ತೊಡಕು ತರಬಹುದು. ಐರೋಪ್ಯ ಒಕ್ಕೂಟವು ೨೦೨೦ರ ನಿಯಮದಲ್ಲಿ, ಈ ಕುಲದ 'ಹೇಮ' ಎಂಬ ವಸ್ತುವುಳ್ಳ ಉಗುರಿನ ಲೇಪಗಳನ್ನು ವೃತ್ತಿನಿರತರು ಮಾತ್ರ ಬಳಸಬೇಕೆಂದು ವಿಧಿಸಿತು. ಬೆಳಕಿಗೆ ಒಡೆಯುವ ಪ್ರಚೋದಕಗಳಲ್ಲಿ ಒಂದಾದ ಟಿ.ಪಿ.ಓ.ವನ್ನು, ಬೇರೊಂದು ಕಾರಣಕ್ಕಾಗಿ, ೨೦೨೫ರ ಸೆಪ್ಟೆಂಬರ್ ೧ರಿಂದ ಪ್ರಸಾಧನಗಳಲ್ಲಿ ನಿಷೇಧಿಸಿತು. ಬೆರಳ ಸುತ್ತ ತುರಿಕೆ, ಕೆಂಪು, ನೀರ್ಗುಳ್ಳೆ ಕಂಡವರು ಮತ್ತೆ ಹಚ್ಚಿಸಿಕೊಳ್ಳದೆ ಚರ್ಮವೈದ್ಯರನ್ನು ಕಾಣಬೇಕು.

ಅಸಿಟೋನಿನ ವಿಷಯದಲ್ಲಿಯೂ ಎಚ್ಚರ ಬೇಕು. ಅದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳಲು ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಚಳಿಯೂ ಅಡ್ಡಿಯಲ್ಲ. ಗಾಳಿಯ ಸರಾಸರಿ ಅಣುತೂಕ ೨೯. ಅಸಿಟೋನಿನದು ಅದರ ಇಮ್ಮಡಿ. ಆದುದರಿಂದ ಆವಿ ಮೇಲೇರದೆ ನೆಲದ ಮೇಲೆ ಹರಿದು, ದೂರದ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಬಲ್ಲದು. ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದ ದೂರ ಕುಳಿತು ಈ ಕೆಲಸ ಮಾಡಬೇಕು. ಅಸಿಟೋನನ್ನು ಒಲೆಯ ಮೇಲೆ ಬಿಸಿಮಾಡಲೇಬಾರದು. ಥರ್ಮೊಕೋಲ್ ಬಟ್ಟಲಿಗೆ ಸುರಿದರೆ ಬಟ್ಟಲೇ ಕುಸಿದು ಅಂಟು ಮುದ್ದೆಯಾಗುತ್ತದೆ. ಅದರ ಸರಪಣಿಗಳಿಗೆ ಅಡ್ಡಬೆಸುಗೆಯಿಲ್ಲವಲ್ಲ! ಗಾಜಿನ ಅಥವಾ ಪಿಂಗಾಣಿಯ ಬಟ್ಟಲು ಒಳ್ಳೆಯದು.

ಅಸಿಟೋನ್ ಚರ್ಮದ ಜಿಡ್ಡನ್ನೂ ಸೆಳೆದುಕೊಂಡು ಬೆರಳನ್ನು ಬೆಳ್ಳಗೆ ಒಣಗಿಸುವುದರಿಂದ, ಸುತ್ತುವ ಮೊದಲು ಉಗುರಿನ ಸುತ್ತಲಿನ ಚರ್ಮಕ್ಕೆ ಮಾತ್ರ ವ್ಯಾಸಲೀನನ್ನು ಸವರಬೇಕು; ಪೊರೆಯ ಮೇಲೆ ಬಿದ್ದರೆ ಅದೇ ಹೊಸ ತಡೆಯಾಗುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆದು ಕೊಬ್ಬರಿ ಎಣ್ಣೆ ಹಚ್ಚಬಹುದು. ಎಲ್ಲಾದರೂ ಒಂದು ಚೂರು ಬಣ್ಣ ಹಟ ಹಿಡಿದು ಉಳಿದಿದ್ದರೆ ಅದರ ಅಂಚನ್ನು ಅರದಿಂದ ನಯಗೊಳಿಸಿ, ಗೋರಂಟಿಯ ಕೆಂಪಿನ ಹಾಗೆ, ಉಗುರಿನೊಡನೆ ಸರಿದುಹೋಗಲು ಬಿಡಬಹುದು. ಉಗುರು ತನ್ನ ಹಾಸಿನಿಂದ ಮೇಲೆದ್ದಿದ್ದರೆ, ಇಲ್ಲವೆ ಹಸಿರುಬಣ್ಣಕ್ಕೆ ತಿರುಗಿದ್ದರೆ, ಅದನ್ನು ಹೊಸ ಬಣ್ಣದಿಂದ ಮರೆಮಾಡದೆ ವೈದ್ಯರಿಗೆ ತೋರಿಸಬೇಕು.