ಹಳೆಯ ಬೆಂಜ್ ಕೊಳ್ಳುವವರಿಗೆ

ಪುಣೆಯಲ್ಲಿ 1995ರಿಂದ ಸಿದ್ಧವಾಗತೊಡಗಿದ ಡಬ್ಲ್ಯು 124 ಮಾದರಿಯ ಬೆಂಜ್ ಕಾರೊಂದು ಅಗ್ಗಕ್ಕೆ ದೊರೆಯುತ್ತಿದೆಯೆಂದು ಹಿಗ್ಗುವ ಮಿತ್ರರು, ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯದೆಂಬುದನ್ನು ಮೊದಲು ಮನಗಾಣತಕ್ಕದ್ದು. ಬಣ್ಣದ ಮೆರುಗಿಗೆ ಮರುಳಾಗದೆ, ಇಂಜಿನ್ನು ತಣ್ಣಗಿರುವಾಗ ಬಾನೆಟ್ಟನ್ನೆತ್ತಿ, ರೇಡಿಯೇಟರಿನ ರಬ್ಬರ್ ಕೊಳವೆಯನ್ನು ಬೆರಳುಗಳಿಂದ ಹಿಸುಕಿ ನೋಡಿರಿ. ಅದು ಒಣಹಪ್ಪಳದಂತೆ ಸೆಟೆದು ಬಿರುಕುಬಿಟ್ಟಿದ್ದರೆ, ಕಣ್ಣಿಗೆ ಬೀಳದ ಉಳಿದ ರಬ್ಬರಿನ ಅವಸ್ಥೆಯೂ ಪ್ರಾಯಶಃ ಅದೇ. ಟಯರಿನ ಪಾರ್ಶ್ವದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುವುವಾದುದರಿಂದ, ‘1214’ ಎಂದಿದ್ದರೆ ಅದು 2014ರ ಮಾರ್ಚಿನದು, ಮೇಲ್ಮೈ ಸವೆದಿರದಿದ್ದರೂ (ಗಾಡಿ ಶೆಡ್ಡಿನಲ್ಲಿಯೇ ತೂಕಡಿಸಿದ್ದಕ್ಕೆ ಅದೇ ಸಾಕ್ಷಿ!) ಬದಲಿಸಲೇಬೇಕು. ಬ್ರೇಕಿನ ಎಣ್ಣೆಯಂತೂ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು; ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಹೊಸತನ್ನು ತುಂಬಿಸಿರಿ.