ತಾಯಿ-ಮಗುವಿನ ಕ್ಷೇಮ : ಅಂಕಿಗಳು ಕಲಿಸುವ ಪಾಠ

ಹೆರಿಗೆಯೆಂಬುದು ಹೆಣ್ಣಿಗೆ ಮರುಹುಟ್ಟೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತಿನ ಹಿಂದಿದ್ದ ಭಯವು ನಮ್ಮ ದೇಶದಲ್ಲಿ ಬಹುಮಟ್ಟಿಗೆ ತಗ್ಗಿರುವುದು ಸಂತಸದ ಸಂಗತಿ.

1992-93ರ ಪ್ರಥಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಒಬ್ಬ ಸ್ತ್ರೀ ಹೆರುವ ಮಕ್ಕಳ ಸರಾಸರಿ 3.4 ಇದ್ದಿತು, 2019-21ರ ಐದನೆಯ ಸಮೀಕ್ಷೆಯ ವೇಳೆಗೆ ಅದು 2ಕ್ಕೆ ಇಳಿಯಿತು. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಕಣ್ಮುಚ್ಚುವವುಗಳ ಸಂಖ್ಯೆ 79ರಿಂದ 35ಕ್ಕೆ ಕುಗ್ಗಿತು. ನೂರಕ್ಕೆ 26ರಷ್ಟಿದ್ದ ಆಸ್ಪತ್ರೆಯ ಹೆರಿಗೆಗಳು 89ಕ್ಕೆ ಏರಿದವು. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯೂ ಮನೆಮನೆಗೆ ನಡೆದ ಆಶಾ ಕಾರ್ಯಕರ್ತೆಯರೂ ಇದಕ್ಕೆ ನೆರವಾದರು.

ಆದರೆ ಒಂದು ಅಂಕಿಯು ವಿರುದ್ಧ ದಿಕ್ಕಿಗೆ ಸಾಗಿದೆ. 2015-16ರಲ್ಲಿ ಗರ್ಭಿಣಿಯರ ಪೈಕಿ ನೂರಕ್ಕೆ 50 ಮಂದಿಗೆ ರಕ್ತಹೀನತೆಯಿದ್ದಿತು. 2019-21ರಲ್ಲಿ ಅದು 52 ಆಯಿತು. 15ರಿಂದ 19 ವರ್ಷದ ಹುಡುಗಿಯರಲ್ಲಿ 54ರಿಂದ 59ಕ್ಕೆ ಏರಿತು. ರಕ್ತಹೀನಳಾದ ತಾಯಿಗೆ ಹೆರಿಗೆಯ ರಕ್ತಸ್ರಾವವನ್ನು ತಾಳುವ ಶಕ್ತಿ ಕಡಿಮೆ. ಆಕೆಯ ಕೂಸು ತೂಕವಿಲ್ಲದೆ ಹುಟ್ಟುವ ಸಂಭವವೂ ಹೆಚ್ಚು. ಆಸ್ಪತ್ರೆಯು ಹೆರಿಗೆಯ ದಿನ ಕಾಯಬಲ್ಲುದು. ಬಾಲ್ಯದಿಂದ ಬಂದ ಊಟದ ಕೊರತೆಯನ್ನು ಅಂದೇ ತುಂಬಲಾರದು.

ನಾಳಿನ ತಾಯಿ ಇಂದು ತರಗತಿಯಲ್ಲಿ ಕುಳಿತಿದ್ದಾಳೆ. ಸೊಪ್ಪು, ಕಾಳು ಹಾಗೂ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಆಕೆಗೆ ತಪ್ಪದೆ ಸಲ್ಲುವಂತೆ ನೋಡಿಕೊಳ್ಳುವುದು ಪಾಠ ಹೇಳುವಷ್ಟೇ ಮುಖ್ಯವಾದ ಗುರುಕಾರ್ಯವಾಗಿದೆ.