ಸೊಲ್ಲಾಪುರದಿಂದ ಸಾಸ್ಕಟೂನಿಗೆ: ಪರದೇಶದ ಒಂದು ಊರಿನಲ್ಲಿ ದಿನನಿತ್ಯದ ಜೀವನ



ಒಂದು ಕಾಲಕ್ಕೆ ನಮ್ಮ ಭಾಗದಲ್ಲಿ ಊರು ಬಿಡುವುದೆಂದರೆ ಅಕ್ಕಲಕೋಟದ ಹಳ್ಳಿಯಿಂದ ಸೊಲ್ಲಾಪುರದ ಗಿರಣಿಗೆ ಬರುವುದು, ಇಲ್ಲವೆ ರೈಲು ಹತ್ತಿ ಪುಣೆ, ಮುಂಬಯಿಗೆ ಹೋಗುವುದು ಎಂದು ಅರ್ಥವಿತ್ತು. ಈಗ ಕೆನಡಾದಂಥ ದೂರದ ದೇಶದ ಹೆಸರೂ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ವೀಸಾ, ಶುಲ್ಕ, ಸಾಲ ಇವುಗಳ ಬಗ್ಗೆ ಹೇಳುವವರು ಬಹಳ ಜನರಿದ್ದಾರೆ. ಹೋದ ಮೇಲೆ ಅಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ತಿಳಿಸುವವರು ಕಡಿಮೆ. ಅದನ್ನು ತಿಳಿಯಲು ಈ ಪಾಠದಲ್ಲಿ ಕೆನಡಾದ ಮಧ್ಯಮ ಗಾತ್ರದ ಒಂದು ನಗರವನ್ನು ಅಭ್ಯಾಸ ಮಾಡೋಣ. ಅದರ ಹೆಸರು ಸಾಸ್ಕಟೂನ್.

1. ಊರಿನ ಪರಿಚಯ

ಸಾಸ್ಕಟೂನ್ ನಗರವು ಕೆನಡಾದ ಸಾಸ್ಕಾಚೆವಾನ್ ಪ್ರಾಂತದಲ್ಲಿ ದಕ್ಷಿಣ ಸಾಸ್ಕಾಚೆವಾನ್ ನದಿಯ ದಂಡೆಯ ಮೇಲಿದೆ. 2021ರ ಜನಗಣತಿಯಂತೆ ಅದರ ಜನಸಂಖ್ಯೆ 2,66,141. ನಮ್ಮ ಸೊಲ್ಲಾಪುರದ್ದು 2011ರಲ್ಲಿಯೇ ಒಂಬತ್ತೂವರೆ ಲಕ್ಷ ದಾಟಿತ್ತು. ಅಂದರೆ ಗಾತ್ರದಲ್ಲಿ ನಮ್ಮದೇ ದೊಡ್ಡ ಊರು. ಅಲ್ಲಿ ಬೆಳೆಯುವ ಒಂದು ಸಣ್ಣ ಕಾಡುಹಣ್ಣಿಗೆ ಮೂಲನಿವಾಸಿಗಳಾದ ಕ್ರೀ ಜನರು ಇಟ್ಟ ಹೆಸರಿನಿಂದ ಊರಿಗೆ ಈ ಹೆಸರು ಬಂದಿದೆ.

ಎರಡು ಊರುಗಳಿಗೂ ಒಂದು ಹೋಲಿಕೆ ಇದೆ. ಸಹ್ಯಾದ್ರಿಯು ಅರಬೀ ಸಮುದ್ರದ ಮೋಡಗಳನ್ನು ತಡೆಯುವುದರಿಂದ ಸೊಲ್ಲಾಪುರವು ಮಳೆನೆರಳಿನ ಪ್ರದೇಶವಾಗಿದೆ. ರಾಕಿ ಪರ್ವತಗಳು ಪೆಸಿಫಿಕ್ ಸಾಗರದ ಮೋಡಗಳನ್ನು ತಡೆಯುವುದರಿಂದ ಸಾಸ್ಕಟೂನ್ ಕೂಡ ಮಳೆನೆರಳಿನಲ್ಲಿದೆ. ಅಲ್ಲಿ ಮಳೆ ಮತ್ತು ಹಿಮ ಸೇರಿ ವರ್ಷಕ್ಕೆ ಸುಮಾರು 350 ಮಿಲಿಮೀಟರ್. ಇದು ನಮ್ಮಲ್ಲಿ ಬೀಳುವುದರ ಅರ್ಧದಷ್ಟು. ಅಲ್ಲಿಯ ರೈತರು ಗೋದಿ, ಬಟಾಣಿ, ಮಸೂರ ಬೆಳೆಯುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಮಸೂರವನ್ನು ರಫ್ತು ಮಾಡುವ ದೇಶ ಕೆನಡಾ. ಅದರ ಬಹುಪಾಲು ಈ ಪ್ರಾಂತದಲ್ಲಿಯೇ ಬೆಳೆಯುತ್ತದೆ. ಭಾರತವೂ ಅದನ್ನು ಕೊಳ್ಳುತ್ತದೆ. ಹೀಗೆ ನಮ್ಮವರು ಅಲ್ಲಿಗೆ ಹೋಗುವ ಮೊದಲೇ ಅಲ್ಲಿಯ ಬೇಳೆ ನಮ್ಮ ದೇಶದ ಅಡಿಗೆಮನೆಗಳಿಗೆ ಬಂದಿದೆ.

2. ಗಡಿಯಾರ ಮತ್ತು ಸೂರ್ಯ

ಭಾರತದ ವೇಳೆಯನ್ನು 82½ ಡಿಗ್ರಿ ಪೂರ್ವ ರೇಖಾಂಶದಿಂದ ಎಣಿಸುತ್ತಾರೆ. ಸಾಸ್ಕಟೂನಿನ ವೇಳೆ 90 ಡಿಗ್ರಿ ಪಶ್ಚಿಮ ರೇಖಾಂಶದ್ದು. ಎರಡರ ನಡುವಿನ ಅಂತರ 172½ ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ 690 ನಿಮಿಷ, ಅಂದರೆ ಹನ್ನೊಂದೂವರೆ ತಾಸು. ಅಲ್ಲಿ ರಾತ್ರಿ 8 ಗಂಟೆಗೆ ಊಟ ಮುಗಿಸಿ ಮಗ ಫೋನು ಮಾಡಿದರೆ ಇಲ್ಲಿ ಮರುದಿನದ ಬೆಳಗಿನ ಏಳೂವರೆ. ತಾಯಿ ಆಗ ಚಹಕ್ಕೆ ಇಟ್ಟಿರುತ್ತಾಳೆ. ಕೆನಡಾದ ಬಹುಭಾಗದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ತಾಸು ಮುಂದೆ ಮಾಡುವ ರೂಢಿ ಇದೆ. ಈ ನಗರದಲ್ಲಿ ಅದಿಲ್ಲ. ಆದ್ದರಿಂದ ಈ ಲೆಕ್ಕ ವರ್ಷವಿಡೀ ಒಂದೇ.

ಊರು 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೀಗಾಗಿ ಡಿಸೆಂಬರ್ ಕೊನೆಗೆ ಸೂರ್ಯ ಬೆಳಿಗ್ಗೆ 9ರ ನಂತರ ಹುಟ್ಟಿ ಸಂಜೆ 5ರೊಳಗೆ ಮುಳುಗುತ್ತಾನೆ. ಮಕ್ಕಳು ಕತ್ತಲಲ್ಲಿ ಶಾಲೆಗೆ ಹೊರಡುತ್ತಾರೆ. ಜೂನ್ ತಿಂಗಳಲ್ಲಿ ರಾತ್ರಿ 9ರವರೆಗೂ ಬಿಸಿಲಿರುತ್ತದೆ. ಹೊಸದಾಗಿ ಹೋದವರಿಗೆ ಚಳಿಗಿಂತ ಈ ಕತ್ತಲೆಯೇ ಹೆಚ್ಚು ಬೇಸರ ತರುವುದುಂಟು.

3. ಚಳಿಯೊಡನೆ ಬಾಳುವೆ

ಮೇ ತಿಂಗಳಲ್ಲಿ ನಮ್ಮ ಉಷ್ಣಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಧ್ಯಾಹ್ನ ಹೊರಗೆ ಹೋಗುವವರು ತಲೆಗೆ ಟಾವೆಲ್ ಸುತ್ತಿಕೊಳ್ಳುತ್ತಾರೆ. ಸಾಸ್ಕಟೂನಿನಲ್ಲಿ ಜನವರಿಯ ಕೆಲವು ದಿನಗಳಲ್ಲಿ ಅದು ಸೊನ್ನೆಗಿಂತ 30 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ನಮ್ಮಲ್ಲಿ ಸಿದ್ಧೇಶ್ವರ ಯಾತ್ರೆಯ ನಂದಿಧ್ವಜಗಳು ಹೊರಡುವ ಸಂಕ್ರಮಣದ ಹೊತ್ತಿಗೆ ಅಲ್ಲಿ ನದಿ ಹೆಪ್ಪುಗಟ್ಟಿರುತ್ತದೆ. ಅತಿ ಚಳಿಯ ದಿನ ಆಕಾಶ ಸ್ವಚ್ಛವಾಗಿದ್ದು ಬಿಸಿಲೂ ಇರುತ್ತದೆ. ಕಿಟಕಿಯಿಂದ ಬಿಸಿಲು ನೋಡಿ ಮೋಸಹೋಗಬಾರದು. ಗಾಳಿಯೂ ಸೇರಿದರೆ ಮುಚ್ಚದಿದ್ದ ಕಿವಿ, ಮೂಗು, ಬೆರಳುಗಳ ಚರ್ಮ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು.

ಇದಕ್ಕೆ ಒಂದೇ ದಪ್ಪ ಬಟ್ಟೆ ಸಾಲದು. ಮೈಗೆ ಹತ್ತುವ ಒಳ ಅಂಗಿ, ಅದರ ಮೇಲೆ ಉಣ್ಣೆ, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಕೋಟು ಹೀಗೆ ಮೂರು ಪದರು ಬೇಕು. ಪದರುಗಳ ನಡುವೆ ನಿಂತ ಗಾಳಿ ಉಷ್ಣವನ್ನು ಹೊರಗೆ ಬಿಡುವುದಿಲ್ಲ. ವಿಜ್ಞಾನದಲ್ಲಿ ನೀವು ಕಲಿತ ಉಷ್ಣ ನಿರೋಧಕದ ಪಾಠವೇ ಇದು. ಮನೆಯೊಳಗೆ ಉರಿಯುವ ಗ್ಯಾಸಿನ ಕುಲುಮೆಯಿಂದ ಎಲ್ಲ ಕೋಣೆಗಳೂ ಬೆಚ್ಚಗಿರುತ್ತವೆ. ಆದರೆ ಗಾಳಿ ಒಣಗಿ ತುಟಿ, ಕೈ ಬಿರಿಯುತ್ತವೆ. ರಾತ್ರಿ ಹೊರಗೆ ನಿಲ್ಲಿಸಿದ ಕಾರಿನ ಎಂಜಿನ್ನಿಗೂ ವಿದ್ಯುತ್ ತಂತಿ ಜೋಡಿಸಿ ಬಿಸಿ ಮಾಡಬೇಕು. ಇಲ್ಲದಿದ್ದರೆ ಬೆಳಿಗ್ಗೆ ಅದು ಸುರುವಾಗುವುದಿಲ್ಲ. ಮನೆಯ ಮುಂದಿನ ಕಾಲುದಾರಿಯ ಮೇಲೆ ಬಿದ್ದ ಹಿಮವನ್ನು ಮನೆಯವರೇ ಸಲಿಕೆಯಿಂದ ತೆಗೆಯಬೇಕೆಂದು ನಗರಸಭೆಯ ನಿಯಮವಿದೆ.

4. ಮನೆ, ಊಟ, ಕೆಲಸ

ಅಲ್ಲಿ ಮನೆಗೆಲಸಕ್ಕೆ ಆಳು ಇಡುವವರು ತೀರ ವಿರಳ. ಪಾತ್ರೆ, ಬಟ್ಟೆ, ಕಸ, ಅಡಿಗೆ ಎಲ್ಲವನ್ನೂ ಮನೆಯವರೇ ಮಾಡಬೇಕು. ಇಲ್ಲಿ ಒಂದು ಲೋಟವನ್ನೂ ತೊಳೆಯದ ಹುಡುಗನು ಅಲ್ಲಿ ಮೊದಲ ವಾರದಲ್ಲಿಯೇ ಸೋಲುತ್ತಾನೆ. ಆದ್ದರಿಂದ ಗಂಡುಮಕ್ಕಳೂ ಅನ್ನ, ಸಾರು, ಚಪಾತಿಗಳನ್ನು ಇಲ್ಲಿಯೇ ಕಲಿತುಕೊಳ್ಳುವುದು ಒಳ್ಳೆಯದು. ಒಗ್ಗರಣೆಯ ಹೊಗೆ ಹೆಚ್ಚಾದರೆ ಛಾವಣಿಗೆ ಹಚ್ಚಿದ ಹೊಗೆಗಂಟೆ ಬಾರಿಸತೊಡಗುತ್ತದೆ! ಇದು ಅಲ್ಲಿಗೆ ಹೋದ ಭಾರತೀಯರಿಗೆಲ್ಲ ಪರಿಚಿತವಾದ ಸದ್ದು. ಗೋದಿಹಿಟ್ಟು, ಬೇಳೆಗಳಿಗೆ ಕೊರತೆಯಿಲ್ಲ. ಆದರೆ ಜೋಳ ಅಲ್ಲಿಯ ನೆಲದ ಬೆಳೆಯಲ್ಲ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬೇಕಾದರೆ ಭಾರತೀಯ ಅಂಗಡಿಯಿಂದ ಹಿಟ್ಟು ತಂದು ಸ್ವತಃ ಬಡಿಯಬೇಕು.

ಕೆಲಸಕ್ಕೆ ಸೇರಲು ಒಂಬತ್ತು ಅಂಕಿಗಳ ಸರಕಾರೀ ಸಂಖ್ಯೆಯೊಂದನ್ನು ಮೊದಲು ಪಡೆಯಬೇಕು. ನಮ್ಮ ಪದವಿಗಳಿಗೆ ಅಲ್ಲಿ ತಾನಾಗಿಯೇ ಮಾನ್ಯತೆ ಸಿಗುವುದಿಲ್ಲ. ವೈದ್ಯರು, ದಾದಿಯರು, ಶಿಕ್ಷಕರು, ಎಂಜಿನಿಯರರು ಆಯಾ ಪ್ರಾಂತದ ಸಂಸ್ಥೆಯಿಂದ ಪರವಾನಿಗೆ ಪಡೆಯಬೇಕು. ಅಲ್ಲಿಯವರೆಗೆ ಓದಿದವರೂ ಅಂಗಡಿಯಲ್ಲಿ, ಗೋದಾಮಿನಲ್ಲಿ ದುಡಿಯುತ್ತಾರೆ. ಅಲ್ಲಿ ಯಾರೂ ಆ ಕೆಲಸವನ್ನು ಕೀಳೆಂದು ನೋಡುವುದಿಲ್ಲ. ವಿದ್ಯಾರ್ಥಿಗಳ ಮಟ್ಟಿಗೆ ನಿಯಮಗಳು ಬಿಗಿಯಾಗಿವೆ. 2024ರಲ್ಲಿ ಕೆನಡಾ ಸರಕಾರವು ವಿದೇಶೀ ವಿದ್ಯಾರ್ಥಿಗಳಿಗೆ ಕೊಡುವ ಪರವಾನಿಗೆಗಳಿಗೆ ಮಿತಿ ಹಾಕಿತು. ಅದೇ ವರ್ಷ, ಕಾಲೇಜು ನಡೆಯುವ ದಿನಗಳಲ್ಲಿ ಹೊರಗಿನ ದುಡಿಮೆ ವಾರಕ್ಕೆ 24 ತಾಸು ಮೀರಬಾರದೆಂದು ಗೊತ್ತುಮಾಡಿತು. ಹೀಗಿರುವಾಗ, ಅಲ್ಲಿ ದುಡಿದೇ ಎಲ್ಲ ಸಾಲ ತೀರಿಸಬಹುದೆಂಬ ಏಜಂಟರ ಮಾತನ್ನು ನಂಬಿ ಹೊಲ ಅಡವಿಡುವ ಮೊದಲು ಹತ್ತು ಸಲ ವಿಚಾರಿಸಬೇಕು.

ಆರೋಗ್ಯದ ವಿಷಯದಲ್ಲಿ ಈ ಪ್ರಾಂತವು ದೇಶಕ್ಕೆ ಮೇಲ್ಪಂಕ್ತಿ ಹಾಕಿತು. ವೈದ್ಯರಿಗೆ ಕೊಡಬೇಕಾದ ಹಣವನ್ನು ಸರಕಾರವೇ ಭರಿಸುವ ಯೋಜನೆ ಉತ್ತರ ಅಮೇರಿಕದಲ್ಲಿ ಮೊದಲು ಪ್ರಾರಂಭವಾದದ್ದು ಇಲ್ಲಿಯೇ, 1962ರ ಜುಲೈ 1ರಂದು. ಆಗ ವೈದ್ಯರು ಮುಷ್ಕರ ಹೂಡಿದರು. 23 ದಿನಗಳ ನಂತರ ಸಾಸ್ಕಟೂನ್ ನಗರದಲ್ಲಿಯೇ ಒಪ್ಪಂದವಾಯಿತು. ಮುಂದೆ ಇಡೀ ಕೆನಡಾ ಇದನ್ನು ಅನುಸರಿಸಿತು.

5. ನೆರೆಹೊರೆ ಮತ್ತು ಏಕಾಂತ

ನಮ್ಮಂತೆಯೇ ಅಲ್ಲಿಯವರೂ ಪಾದರಕ್ಷೆ ಬಿಟ್ಟು ಮನೆಯೊಳಗೆ ಬರುತ್ತಾರೆ. ಸರದಿ ಮುರಿಯುವುದಿಲ್ಲ. ಕಾರು ಹಿಮದಲ್ಲಿ ಸಿಕ್ಕಿಬಿದ್ದರೆ ಗುರುತಿಲ್ಲದವನೂ ಬಂದು ನೂಕುತ್ತಾನೆ. ಆದರೆ ಮೊದಲು ತಿಳಿಸದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ಮಾತಾಡಿ ಬೆಳೆದವರಿಗೆ ಇದು ಕಷ್ಟ. ಹೋದವರು ಗ್ರಂಥಾಲಯ, ಆಟದ ಮೈದಾನ, ಗುಡಿ, ಭಾರತೀಯರ ಹಬ್ಬದ ಕೂಟಗಳಿಗೆ ತಾವಾಗಿಯೇ ಹೋಗಿ ಪರಿಚಯ ಮಾಡಿಕೊಳ್ಳಬೇಕು. ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ ಚಳಿಗಾಲ ಮುಗಿಯುವುದೇ ಇಲ್ಲವೆನಿಸುತ್ತದೆ.

6. ಭಾಷೆಯ ಪ್ರಶ್ನೆ

ಇನ್ನು ನಮ್ಮ ಶಾಲೆಗೆ ಹತ್ತಿರವಾದ ಮಾತು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ ಅಥವಾ ತೆಲುಗು ಹೀಗೆ ಬೆಳೆದವರು ನೀವು. ಇದನ್ನು ತೊಡಕೆಂದು ಕೆಲವರು ಬಗೆಯುತ್ತಾರೆ. ಪರದೇಶಕ್ಕೆ ಹೋದಾಗ ಇದೇ ನಿಮಗೆ ಬಲವಾಗುತ್ತದೆ. ಹೊರಗಿನ ಭಾಷೆಯನ್ನು ಚೆನ್ನಾಗಿ ಕಲಿತು, ಒಳಗಿನ ಭಾಷೆಯನ್ನು ಬಿಡದೆ ಬಾಳುವ ಅಭ್ಯಾಸ ನಿಮಗೆ ಚಿಕ್ಕಂದಿನಿಂದಲೇ ಇದೆ. ಕೆನಡಾದಲ್ಲಿ 1969ರ ಕಾಯದೆಯಂತೆ ಇಂಗ್ಲಿಷ್, ಫ್ರೆಂಚ್ ಎರಡೂ ಆಡಳಿತ ಭಾಷೆಗಳು. 1988ರ ಇನ್ನೊಂದು ಕಾಯದೆಯು ಹಲವು ಸಂಸ್ಕೃತಿಗಳ ಉಳಿವಿಗೆ ಮನ್ನಣೆ ಕೊಟ್ಟಿದೆ. ತುಮಕೂರು ಜಿಲ್ಲೆಯ ಸಿರಾ ತಾಲೂಕಿನಿಂದ ಹೋಗಿ ಅಲ್ಲಿಯ ಸಂಸತ್ತಿಗೆ ಆರಿಸಿಬಂದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಆ ಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ನೀವು ಕೇಳಿರಬಹುದು.

ಆದರೆ ಭಾಷೆ ಕಾಯದೆಯಿಂದ ಮಾತ್ರ ಉಳಿಯುವುದಿಲ್ಲ. ಇದಕ್ಕೆ ನಮ್ಮ ಊರಿನಲ್ಲಿಯೇ ಉದಾಹರಣೆ ಇದೆ. ತೆಲಂಗಾಣದಿಂದ ನೇಯ್ಗೆಯ ಕೆಲಸಕ್ಕಾಗಿ ಸೊಲ್ಲಾಪುರಕ್ಕೆ ಬಂದ ಪದ್ಮಶಾಲಿ ಕುಟುಂಬಗಳು ಹಲವು ತಲೆಮಾರುಗಳ ನಂತರವೂ ಮನೆಯಲ್ಲಿ ತೆಲುಗು ಆಡುತ್ತವೆ. ಅವರು ಓಣಿ ಓಣಿಯಾಗಿ ಒಟ್ಟಿಗೆ ನೆಲೆಸಿದ್ದರಿಂದ ಇದು ಸಾಧ್ಯವಾಯಿತು. ಸಾಸ್ಕಟೂನಿನಲ್ಲಿ ಕನ್ನಡದ ಓಣಿ ಇಲ್ಲ. ನಮ್ಮದರಂತಹ ಶಾಲೆಯೂ ಇಲ್ಲ. ಅಲ್ಲಿ ಕನ್ನಡಕ್ಕೆ ಉಳಿಯುವ ಜಾಗ ಮನೆಯೊಂದೇ. ಮಗುವಿನೊಡನೆ ತಂದೆತಾಯಿ ಕನ್ನಡ ಆಡುವುದನ್ನು ಬಿಟ್ಟರೆ ಅಜ್ಜಿಯ ಫೋನು ಬಂದಾಗ ಮೊಮ್ಮಗ ನಮಸ್ಕಾರ ಅಂದು ಸುಮ್ಮನಾಗುತ್ತಾನೆ. ಮುಂದೆ ಅವರಿಬ್ಬರಿಗೂ ಮಾತು ಸಾಗುವುದಿಲ್ಲ. ಊರು ಬಿಟ್ಟವರಿಗೆ ಆಗುವ ದೊಡ್ಡ ನಷ್ಟ ಇದು. ಕನ್ನಡವನ್ನು ಆಡುವುದರ ಜೊತೆಗೆ ಓದಲು, ಬರೆಯಲು ಬಲ್ಲವರು ಈ ನಷ್ಟವನ್ನು ತಡೆಯಬಲ್ಲರು. ಈ ಶಾಲೆಯ ಬಾಕುಗಳ ಮೇಲೆ ಕುಳಿತು ನೀವು ಕಲಿಯುತ್ತಿರುವ ಅಕ್ಷರಗಳು ಯಾವ ಪೆಟ್ಟಿಗೆಯಲ್ಲಿಯೂ ತೂಕಕ್ಕೆ ಬಾರದ ಸಾಮಾನು. ಹೋಗುವವರು ಅದನ್ನು ಮರೆಯದೆ ಒಯ್ಯಬೇಕು. ಇಲ್ಲಿಯೇ ಇರುವವರು ಅದನ್ನು ಬಳಸಿ ಬೆಳೆಸಬೇಕು.

ಅಭ್ಯಾಸ

1. ಸೊಲ್ಲಾಪುರದಲ್ಲಿ ಜನವರಿ 14ರ ಬೆಳಗಿನ 10 ಗಂಟೆಯಾದಾಗ ಸಾಸ್ಕಟೂನಿನಲ್ಲಿ ಯಾವ ದಿನ, ಎಷ್ಟು ಗಂಟೆ?
2. ಎರಡೂ ಊರುಗಳು ಮಳೆನೆರಳಿನಲ್ಲಿರಲು ಕಾರಣವೇನು? ನಕ್ಷೆ ಬಿಡಿಸಿ ತೋರಿಸಿರಿ.
3. ಒಂದು ದಪ್ಪ ಬಟ್ಟೆಗಿಂತ ಮೂರು ಪದರು ಬಟ್ಟೆ ಏಕೆ ಹೆಚ್ಚು ಬೆಚ್ಚಗೆ?
4. ನಿಮ್ಮ ಮನೆತನದವರು ಯಾವ ಊರಿನಿಂದ ಈಗಿನ ಊರಿಗೆ ಬಂದರು, ಏಕೆ ಬಂದರು, ಯಾವ ಮಾತು, ಯಾವ ಅಡಿಗೆ ಉಳಿಸಿಕೊಂಡರು ಎಂದು ಹಿರಿಯರನ್ನು ಕೇಳಿ ಒಂದು ಪುಟ ಬರೆಯಿರಿ.